ಕಕ್ಕಡದ ಮಳೆಯನ್ನು ಮೊಬೈಲ್ ಗೇಮಿಗೆ ಇಳಿಸುವುದು: ಚಿತ್ರಶೈಲಿ ಮತ್ತು ಎಫೆಕ್ಟ್‌ಗಳ ಸಮಗ್ರ ಮಾರ್ಗದರ್ಶಿ

ನಮ್ಮ ಮನೆ ಇರುವುದು ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ. ಜುಲೈ ಬಂತೆಂದರೆ ಅಂಗಳದಾಚೆಯ ಸಿಲ್ವರ್ ಓಕ್ ಮರಗಳು ಬೆಳಿಗ್ಗೆ ಇರುತ್ತವೆ, ಹತ್ತು ಗಂಟೆಗೆ ಇರುವುದಿಲ್ಲ, ಊಟದ ಹೊತ್ತಿಗೆ ಅರ್ಧ ಇರುತ್ತವೆ. ಕಿಟಕಿಯ ಪಕ್ಕ ಕೂತು ಚಿಕ್ಕದೊಂದು ಗೇಮ್ ಮಾಡುತ್ತಿದ್ದ ನನಗೆ ಅರ್ಥವಾಗಲು ಎರಡು ಮಳೆಗಾಲ ಹಿಡಿದ ಸಂಗತಿ ಇದು: ಯಾವುದನ್ನು ತೋರಿಸಬೇಕು, ಯಾವುದನ್ನು ಅಳಿಸಬೇಕು ಎಂಬ ತೀರ್ಮಾನವನ್ನು ಹೊರಗೆ ಮಂಜು ದಿನವೂ ಮಾಡುತ್ತಿತ್ತು. ನಾನು ಮಾತ್ರ ಒಳಗೆ ಕೂತು ಎಲೆಯ ನರಗಳನ್ನು ಬಿಡಿಸುತ್ತಿದ್ದೆ.

ಉದಾಹರಣೆಗೆ ಒಂದೇ ದೃಶ್ಯ ಇಟ್ಟುಕೊಳ್ಳೋಣ. ಕಕ್ಕಡದ ಸಂಜೆ (ಕಕ್ಕಡ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು). ಒಬ್ಬ ಹುಡುಗಿ ಲಾಟೀನು ಹಿಡಿದು ಐನ್‌ಮನೆಯಿಂದ (ಮನೆತನದ ಹಳೆಯ ಮೂಲಮನೆ) ಕಾಫಿ ತೋಟದ ಹಾದಿ ಇಳಿದು ಗದ್ದೆಯ ಅಂಚಿಗೆ ಹೋಗಬೇಕು. ದಾರಿಯಲ್ಲಿ ಇಂಬಳಗಳ (ಜಿಗಣೆಗಳ) ಕಾಟ. ಅವುಗಳನ್ನು ಓಡಿಸಲು ಅವಳ ಕೈಯಲ್ಲಿ ಒಂದು ಚಿಕ್ಕ ಮಾಯೆ ಇದೆ. ಇಷ್ಟೇ ಗೇಮು. ಬೇಕಾದ ಸಾಮಾನು ಮೂರು: ಬಣ್ಣ ಹಾಕಲು ಕ್ರಿಟಾ, ಮಾಡೆಲ್ ಮಾಡಲು ಬ್ಲೆಂಡರ್, ಎಂಜಿನ್ ಆಗಿ ಗೊಡೋ 4. ಮೂರಕ್ಕೂ ಕಾಸು ಕೊಡಬೇಕಿಲ್ಲ, ಮೂರರ ಸೋರ್ಸೂ ಮುಕ್ತ. ಗೊಡೋದಲ್ಲಿ ಪ್ರಾಜೆಕ್ಟ್ ಶುರು ಮಾಡುವಾಗ ರೆಂಡರರ್, ಅಂದರೆ ಚಿತ್ರವನ್ನು ತೆರೆಗೆ ಬಿಡಿಸುವ ವಿಧಾನ, ಯಾವುದೆಂದು ಕೇಳುತ್ತದೆ. ಹಳೆಯ, ಅಗ್ಗದ ಫೋನುಗಳಲ್ಲಿ ಓಡಬೇಕಿದ್ದರೆ ಕಂಪ್ಯಾಟಿಬಿಲಿಟಿ ಆರಿಸಿ. ಮುಂದಿನದೆಲ್ಲ ಆ ಲೆಕ್ಕದಲ್ಲೇ ಇದೆ.

ಮೊದಲು ಬೂದು, ಆಮೇಲೆ ಬಣ್ಣ

ಕ್ರಿಟಾದಲ್ಲಿ ಒಂದು ಕ್ಯಾನ್ವಾಸ್ ತೆರೆದು ನಾಲ್ಕೇ ಬೂದುಗಳನ್ನು ಇಟ್ಟುಕೊಳ್ಳಿ. ಕಪ್ಪನ್ನು 0, ಬಿಳಿಯನ್ನು 100 ಎಂದು ಹಿಡಿದರೆ 15, 40, 65 ಮತ್ತು 85. ಹತ್ತಿರದ ಕಾಫಿ ಗಿಡ, ಮನೆಯ ಕಂಬ 15ರಲ್ಲಿ. ಹಾದಿ, ನಡುವಿನ ಮರ 40ರಲ್ಲಿ. ಆಚೆ ಬೆಟ್ಟ 65. ಅದರಾಚೆಯ ಬೆಟ್ಟ ಮತ್ತು ಆಕಾಶ ಎರಡೂ 85. ಮಡಿಕೇರಿಯ ರಾಜಾಸೀಟಿನ ಕಟ್ಟೆಯ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದರ ಹಿಂದೆ ಒಂದು ಬೆಟ್ಟ ಮಸುಕಾಗುತ್ತ ಹೋಗಿ, ಕೊನೆಯದು ಬೆಟ್ಟವೋ ಮೋಡವೋ ಗೊತ್ತಾಗುವುದಿಲ್ಲ.

ಈ ಹಂತದಲ್ಲಿ ಗದ್ದೆಯನ್ನು ಮರೆಯಬೇಡಿ. ಕಕ್ಕಡ ನಾಟಿಯ ಕಾಲ. ಗದ್ದೆ ತುಂಬ ನೀರು ನಿಂತಿರುತ್ತದೆ, ಆ ನೀರು ಆಕಾಶದ ಬಿಳುಪನ್ನು ಹಾಗೇ ಹಿಡಿದಿರುತ್ತದೆ. ಅಂದರೆ ನೆಲದ ಮೇಲಿನ ಅತ್ಯಂತ ಬೆಳಕಿನ ಜಾಗ ಅದೇ. ಅದಕ್ಕೂ 85 ಕೊಡಿ. ಆಗ ಹುಡುಗಿ ಗದ್ದೆಯ ಬದುವಿಗೆ ಬಂದ ಕೂಡಲೇ ಅವಳ ಕಪ್ಪು ಆಕೃತಿ ಬಿಳಿಯ ಮೇಲೆ ಎದ್ದು ಕಾಣುತ್ತದೆ. ಆಟಗಾರನಿಗೆ "ಇಲ್ಲಿಗೆ ಬಾ" ಎಂದು ಬಾಣದ ಗುರುತು ಹಾಕುವ ಅಗತ್ಯವೇ ಬೀಳುವುದಿಲ್ಲ. ಇನ್ನೊಂದು ಲಾಭವೂ ಇದೆ. ನೀರಿಗೆ ಪ್ರತಿಬಿಂಬದ ಶೇಡರ್ (ಬಣ್ಣ, ಬೆಳಕು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ) ಬೇಡ, ಮಂಜಿಗೆ ಕೊಟ್ಟ ಬಣ್ಣವನ್ನೇ ನೀರಿಗೂ ಕೊಟ್ಟರೆ ಕಣ್ಣು ಒಪ್ಪಿಕೊಳ್ಳುತ್ತದೆ.

ಚಿತ್ರವನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ, ಕಣ್ಣು ಕಿರಿದುಗೊಳಿಸಿ ನೋಡಿ. ಮನೆ, ಹಾದಿ, ಗದ್ದೆ, ಹುಡುಗಿ ಈ ನಾಲ್ಕೂ ಬೇರೆ ಬೇರೆಯಾಗಿ ಕಂಡರೆ ಮುಂದೆ ಹೋಗಿ. ಕಾಣದಿದ್ದರೆ ಬಣ್ಣ ಹಾಕಿದರೂ ಕಾಣುವುದಿಲ್ಲ, ಇದು ಖಂಡಿತ.

ಹನ್ನೆರಡು ಬಣ್ಣಗಳು, ಅದರಲ್ಲಿ ಎರಡಕ್ಕೆ ಬೀಗ

ಒಟ್ಟು ಹನ್ನೆರಡು ಬಣ್ಣ ಸಾಕು. ಕಾಫಿ ಎಲೆಯ ಗಾಢ ಹಸಿರು, ನಾಟಿಯ ಎಳೆ ಹಸಿರು, ಪಾಚಿಯ ಹಸಿರು, ಒದ್ದೆ ಮಣ್ಣಿನ ಕೆಂಪುಗಂದು, ಹಂಚಿನ ಕೆಂಪು, ಮರದ ಕಂಬದ ಕಂದು, ಗೋಡೆಯ ಸುಣ್ಣ, ಮೂರು ಬಗೆಯ ಮಂಜಿನ ನೀಲಿಬೂದು. ಇವು ಹತ್ತು. ಫೋನಿನಲ್ಲಿ ಫೋಟೋ ತೆಗೆದು ಅದರಿಂದ ಬಣ್ಣ ಹೀರಿಕೊಳ್ಳಬಹುದು, ಆದರೆ ಹಾಗೇ ಬಳಸಬೇಡಿ. ಫೋನಿನ ಕ್ಯಾಮೆರಾ ಹಸಿರನ್ನು ತನಗೆ ತೋಚಿದಂತೆ ಹೆಚ್ಚಿಸುತ್ತದೆ. ಎಚ್‌ಎಸ್‌ವಿ ಚಕ್ರದಲ್ಲಿ ಸ್ಯಾಚುರೇಷನ್ (ಬಣ್ಣದ ತೀವ್ರತೆ) 50 ದಾಟದಂತೆ ಈ ಹತ್ತನ್ನೂ ತಗ್ಗಿಸಿ. ಮಣ್ಣು ಒದ್ದೆಯಾದಾಗ ಗಾಢವಾಗುತ್ತದೆ, ಹಂಚೂ ಹಾಗೆಯೇ. ಆದ್ದರಿಂದ ಇವೆರಡನ್ನೂ ನಿಮಗೆ ಸರಿ ಅನ್ನಿಸಿದ್ದಕ್ಕಿಂತ ಒಂದು ಮೆಟ್ಟಿಲು ಕಪ್ಪಾಗಿಡಿ.

ಉಳಿದ ಎರಡಕ್ಕೆ ಬೀಗ ಹಾಕಿ. ಒಂದು ಲಾಟೀನಿನ ಹಳದಿ. ಅದು ಲಾಟೀನು ಮತ್ತು ಮನೆಯ ಕಿಟಕಿ ಬಿಟ್ಟು ಇನ್ನೆಲ್ಲೂ ಕಾಣಬಾರದು. ಹೂವಿಗೂ ಇಲ್ಲ, ಬಟನ್ನಿಗೂ ಇಲ್ಲ. ಇನ್ನೊಂದು ಹುಡುಗಿಯ ಮಾಯೆಯ ಬಣ್ಣ. ಮಾಯೆ ಎಂದರೆ ಎಲ್ಲರೂ ಆಕಾಶನೀಲಿ ಹಾಕುತ್ತಾರೆ. ನಾನು ಹಾಕಿದ್ದು ಮದ್ದುಸೊಪ್ಪಿನ ನೇರಳೆ. ಕಕ್ಕಡದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರಂದು, ಆ ಸೊಪ್ಪನ್ನು ಬೇಯಿಸಿದ ನೀರು ನೋಡಿದವರಿಗೆ ಗೊತ್ತು, ಹಸಿರು ಎಲೆಯೊಳಗಿಂದ ಅಂಥ ಕಡುನೇರಳೆ ಹೇಗೆ ಬರುತ್ತದೋ ಎಂದು ಪ್ರತಿ ವರ್ಷವೂ ಆಶ್ಚರ್ಯವಾಗುತ್ತದೆ. ಮಾಯೆಗೆ ಅದಕ್ಕಿಂತ ಒಳ್ಳೆಯ ಬಣ್ಣ ನನಗೆ ಸಿಗಲಿಲ್ಲ. ಹಸಿರು ಮತ್ತು ಬೂದಿನ ನಡುವೆ ಅದು ಕೂಗಿ ಹೇಳಿದ ಹಾಗೆ ಕಾಣುತ್ತದೆ.

ಗೊಡೋದಲ್ಲಿ ಟೋನ್‌ಮ್ಯಾಪ್ (ಕೊನೆಯಲ್ಲಿ ಇಡೀ ಚಿತ್ರದ ಬೆಳಕು, ಬಣ್ಣ ಹೊಂದಿಸುವ ಸೆಟ್ಟಿಂಗ್) ಅನ್ನು ಲೀನಿಯರ್‌ನಲ್ಲೇ ಬಿಡಿ. ಫಿಲ್ಮಿಕ್ ಮುಂತಾದವನ್ನು ಹಾಕಿದರೆ ನೀವು ಆರಿಸಿದ ಹನ್ನೆರಡೂ ಸದ್ದಿಲ್ಲದೆ ಬದಲಾಗುತ್ತವೆ. ಶೇಡರ್‌ನಲ್ಲಿ ಬಣ್ಣದ ಯೂನಿಫಾರ್ಮ್ (ಹೊರಗಿನಿಂದ ಬದಲಿಸಬಹುದಾದ ಬೆಲೆ) ಬರೆಯುವಾಗ ಸೋರ್ಸ್ ಕಲರ್ (source_color) ಹಿಂಟ್ ಸೇರಿಸಿ. ಅದಿಲ್ಲದಿದ್ದರೆ ಎಲ್ಲವೂ ಒಗೆದು ಒಗೆದು ಬಿಳಿಚಿದ ಬಟ್ಟೆಯಂತೆ ಕಾಣುತ್ತದೆ.

ಮಾಡೆಲ್: ಆಕಾರದಲ್ಲಿ ಉತ್ಪ್ರೇಕ್ಷೆ, ವಿವರದಲ್ಲಿ ಜಿಪುಣತನ

ಐನ್‌ಮನೆಯ ಗುರುತು ಯಾವುದು? ಮಾಡು, ಕಂಬ, ಮೆಟ್ಟಿಲು, ಕಂಬಗಳ ನಡುವೆ ಕೂರಲು ಹಾಕಿದ ಐಮರದ ದಪ್ಪ ಹಲಗೆ. ಈ ನಾಲ್ಕನ್ನು ದೊಡ್ಡದು ಮಾಡಿ, ಮಿಕ್ಕಿದ್ದನ್ನು ಬಿಟ್ಟುಬಿಡಿ. ಮಾಡನ್ನು ನಿಜಕ್ಕಿಂತ ಕಾಲುಭಾಗ ಎತ್ತರಿಸಿ, ಸೂರನ್ನು ಕೆಳಗೆ ಬಾಗಿಸಿ. ಕಂಬ ಬುಡದಲ್ಲಿ ದಪ್ಪ, ತಲೆಯಲ್ಲಿ ತೆಳು. ನೇರ ಗೆರೆ ಎಲ್ಲೂ ಬೇಡ, ಪ್ರತಿ ಅಂಚನ್ನೂ ಒಂದೆರಡು ಡಿಗ್ರಿ ಓರೆ ಮಾಡಿ. ಹಂಚುಗಳನ್ನು ಒಂದೊಂದಾಗಿ ಮಾಡೆಲ್ ಮಾಡಲು ಹೋಗಬೇಡಿ. ಸೂರಿನ ಕೊನೆಯ ಒಂದು ಸಾಲು ಮಾತ್ರ ನಿಜವಾದ ಹಂಚು, ಮೇಲಿನದೆಲ್ಲ ಚಪ್ಪಟೆ ಹಾಳೆ, ಅದರ ಮೇಲೆ ಅಲ್ಲಲ್ಲಿ ಐದಾರು ಹಂಚಿನ ತುಂಡು. ಉಳಿದದ್ದನ್ನು ಕಣ್ಣು ತಾನೇ ತುಂಬಿಕೊಳ್ಳುತ್ತದೆ.

ಟೆಕ್ಸ್‌ಚರ್ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ. 64 ಪಿಕ್ಸೆಲ್ ಚೌಕದ ಒಂದೇ ಚಿತ್ರದಲ್ಲಿ ಹನ್ನೆರಡು ಬಣ್ಣಗಳ ಚೌಕಗಳನ್ನು ಇಟ್ಟು, ಬ್ಲೆಂಡರ್‌ನಲ್ಲಿ ಪ್ರತಿ ಮುಖದ ಯುವಿಯನ್ನು (ಆ ಮುಖಕ್ಕೆ ಚಿತ್ರದ ಯಾವ ಭಾಗ ಎಂಬ ಗುರುತು) ಚುಕ್ಕೆಯಷ್ಟು ಕುಗ್ಗಿಸಿ ಬೇಕಾದ ಬಣ್ಣದ ಮೇಲೆ ಇಡಿ. ಇಡೀ ಗೇಮಿಗೆ ಒಂದೇ ಮೆಟೀರಿಯಲ್. ಗೊಡೋದಲ್ಲಿ ಆ ಮೆಟೀರಿಯಲ್‌ನ ಫಿಲ್ಟರ್ ಅನ್ನು ನಿಯರೆಸ್ಟ್‌ಗೆ ಇಟ್ಟು ಮಿಪ್‌ಮ್ಯಾಪ್ (ದೂರಕ್ಕೆ ಬಳಸುವ ಚಿತ್ರದ ಚಿಕ್ಕ ಪ್ರತಿಗಳು) ತೆಗೆಯಿರಿ, ಇಲ್ಲದಿದ್ದರೆ ಪಕ್ಕದ ಬಣ್ಣ ಸೋರುತ್ತದೆ. ನಾಳೆ ಸಂಜೆಯನ್ನು ಬೆಳಗು ಮಾಡಬೇಕೆಂದರೆ ಆ ಪುಟ್ಟ ಚಿತ್ರವೊಂದನ್ನು ಬದಲಿಸಿದರೆ ಆಯಿತು.

ಕಾಫಿ ಗಿಡದ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಎಲೆಯ ಗೊಂಚಲನ್ನು ಚಪ್ಪಟೆ ಹಾಳೆಗಳಿಂದ ಕಟ್ಟಿದರೆ, ಪ್ರತಿ ಹಾಳೆಯೂ ಬೆಳಕನ್ನು ಬೇರೆ ಬೇರೆಯಾಗಿ ಹಿಡಿದು ಗಿಡ ಹರಿದ ಕಾಗದದ ರಾಶಿಯಂತೆ ಕಾಣುತ್ತದೆ. ಪರಿಹಾರ ಹೀಗಿದೆ. ಗಿಡದ ಸುತ್ತ ಒಂದು ನುಣುಪಾದ ಗೋಳ ಇಟ್ಟು, ಬ್ಲೆಂಡರ್‌ನ ಡೇಟಾ ಟ್ರಾನ್ಸ್‌ಫರ್ ಮಾಡಿಫೈಯರ್‌ನಿಂದ ಆ ಗೋಳದ ನಾರ್ಮಲ್‌ಗಳನ್ನು (ಮೇಲ್ಮೈ ಯಾವ ಕಡೆ ಮುಖಮಾಡಿದೆ ಎಂಬ ದಿಕ್ಕು) ಹಾಳೆಗಳಿಗೆ ಸಾಗಿಸಿ. ಈಗ ಅಂಚು ಎಲೆ ಎಲೆಯಾಗಿ ಕಂಡರೂ ಬೆಳಕು ಒಂದೇ ಉಂಡೆಯ ಮೇಲೆ ಬಿದ್ದಂತೆ ಮೃದುವಾಗಿ ಹರಿಯುತ್ತದೆ. ಜಿಎಲ್‌ಟಿಎಫ್ (ಮಾಡೆಲ್ ಫೈಲಿನ ಒಂದು ನಮೂನೆ) ಆಗಿ ರಫ್ತು ಮಾಡಿದರೆ ಈ ನಾರ್ಮಲ್‌ಗಳೂ ಜೊತೆಗೆ ಹೋಗುತ್ತವೆ. ಮೂರು ಬಗೆಯ ಗಿಡ ಮಾಡಿ, ತಿರುಗಿಸಿ, ಹಿಗ್ಗಿಸಿ ಒಂದೇ ಮಾಡೆಲನ್ನು ನೂರಾರು ಕಡೆ ಅಗ್ಗವಾಗಿ ಬಿಡಿಸುವ ಮಲ್ಟಿಮೆಶ್‌ನಲ್ಲಿ ಮುನ್ನೂರು ನೆಡಿ.

ಉಡುಪಿನ ಬಗ್ಗೆ ಒಂದು ಮಾತು. ಸರಳ ಮಾಡುವುದು ಬೇರೆ, ತಪ್ಪು ಮಾಡುವುದು ಬೇರೆ. ಕೊಡವ ಸೀರೆಯ ನೆರಿಗೆ ಹಿಂದಕ್ಕೆ ಬರುತ್ತದೆ. ಕುಪ್ಯದ (ಗಂಡಸರ ಉದ್ದ ಕೋಟು) ಮೇಲೆ ಕಟ್ಟಿದ ಚೇಲೆಯ (ಸೊಂಟಪಟ್ಟಿ) ಮುಂಭಾಗದಲ್ಲಿ ಪೀಚೆಕತ್ತಿ (ಚಿಕ್ಕ ಬಾಕು) ಇರುತ್ತದೆ, ಒಡಿಕತ್ತಿ (ಅಗಲ ಅಲಗಿನ ಕತ್ತಿ) ಬೆನ್ನ ಹಿಂದೆ. ನೆರಿಗೆಯನ್ನು ಮೂರು ಗೆರೆಗೆ ಇಳಿಸಿ, ತೊಂದರೆಯಿಲ್ಲ, ಆದರೆ ಮೂರೂ ಬೆನ್ನ ಕಡೆ ಇರಲಿ. ಹಾಗೆಯೇ ಕೈಮಡವನ್ನು ದೆವ್ವದ ಅಡಗುತಾಣ ಮಾಡುವ ಆಸೆಯನ್ನೂ ದಯವಿಟ್ಟು ಬಿಡಿ. ಅದು ಮನೆತನದ ಹಿರಿಯರ ಜಾಗ.

ಬೆಳಕು: ನಾನು ಎಡವಿದ್ದು ಇಲ್ಲಿ

ಟೂನ್ ಶೇಡಿಂಗ್ (ಕಾರ್ಟೂನಿನಂಥ ಬೆಳಕು, ನೆರಳು) ಎಂದು ಹುಡುಕಿದರೆ ಸಿಗುವ ಪಾಠಗಳೆಲ್ಲ ಒಂದೇ ಹೇಳುತ್ತವೆ. ನಾರ್ಮಲ್ ಮತ್ತು ಬೆಳಕಿನ ದಿಕ್ಕಿನ ಡಾಟ್ ಪ್ರಾಡಕ್ಟ್ (ಎರಡು ದಿಕ್ಕುಗಳು ಎಷ್ಟು ಹೊಂದುತ್ತವೆ ಎಂಬ ಸಂಖ್ಯೆ) ತೆಗೆದುಕೊಂಡು, ಒಂದು ಗಡಿ ಹಾಕಿ, ಈಚೆ ಬೆಳಕು ಆಚೆ ನೆರಳು ಎಂದು ಕತ್ತರಿಸುವುದು. ನಾನೂ ಮಾಡಿದೆ. ಮನೆ ಚೆನ್ನಾಗಿ ಬಂತು, ಗಿಡ ಚೆನ್ನಾಗಿ ಬಂತು, ಮಳೆ ಹಾಕಿದೆ, ಎಲ್ಲವೂ ಸುಳ್ಳಾಗಿ ಕಂಡಿತು. ಮೂರು ವಾರ ಮಳೆಯ ಹನಿಗಳನ್ನು ತಿದ್ದಿದೆ. ತಪ್ಪು ಹನಿಯಲ್ಲಿರಲಿಲ್ಲ. ಕಕ್ಕಡದಲ್ಲಿ ನೆರಳೇ ಇರುವುದಿಲ್ಲ! ಇಡೀ ಆಕಾಶವೇ ಒಂದು ಬಿಳಿ ದೀಪವಾಗಿರುವಾಗ ಗೋಡೆಯ ಮೇಲೆ ಕತ್ತಿಯಂತೆ ಕುಯ್ದ ನೆರಳು ಎಲ್ಲಿಂದ ಬಂತು?

ಆದ್ದರಿಂದ ಹಗಲಿಗೆ ಡೈರೆಕ್ಷನಲ್ ಲೈಟ್ (ಬಿಸಿಲಿನಂತೆ ಒಂದೇ ದಿಕ್ಕಿನ ಬೆಳಕು) ಅನ್ನೇ ತೆಗೆಯಿರಿ. ಆಂಬಿಯೆಂಟ್ (ಎಲ್ಲೆಡೆ ಸಮನಾಗಿ ಬೀಳುವ) ಬೆಳಕಿನ ಮೂಲವನ್ನು ಬಣ್ಣಕ್ಕೆ ಬದಲಿಸಿ ಬಿಳಿ ಕೊಡಿ. ಶೇಡರ್‌ನ ವರ್ಟೆಕ್ಸ್ (ಮಾಡೆಲಿನ ಮೂಲೆಬಿಂದು) ಹಂತದಲ್ಲಿ ವರ್ಲ್ಡ್ ನಾರ್ಮಲ್ ಲೆಕ್ಕ ಹಾಕಿ, ವೇರಿಯಿಂಗ್ ಮೂಲಕ ಫ್ರಾಗ್ಮೆಂಟ್ (ಪಿಕ್ಸೆಲ್) ಹಂತಕ್ಕೆ ಕಳುಹಿಸಿ. ಅದರ ವೈ ಬೆಲೆ -1ರಿಂದ 1ರವರೆಗೆ ಇರುತ್ತದೆ. ಅರ್ಧದಿಂದ ಗುಣಿಸಿ ಅರ್ಧ ಕೂಡಿಸಿದರೆ 0ಯಿಂದ 1. ಆ ಬೆಲೆಯಿಂದ ಎರಡು ಬಣ್ಣಗಳ ನಡುವೆ ಮಿಕ್ಸ್ ಮಾಡಿ: ಕೆಳಮುಖಕ್ಕೆ ನೀಲಿ ಬೆರೆತ ಗಾಢ, ಮೇಲ್ಮುಖಕ್ಕೆ ತಿಳಿ. ಪ್ಯಾಲೆಟ್ ಬಣ್ಣವನ್ನು ಇದರಿಂದ ಗುಣಿಸಿ. ಐದಾರು ಸಾಲಿನ ಕೆಲಸ. ಮಾಡು ಬೆಳಗುತ್ತದೆ, ಸೂರಿನಡಿ ಕತ್ತಲಾಗುತ್ತದೆ, ಕಾಫಿ ಗಿಡದ ಹೊಟ್ಟೆ ಕಪ್ಪಾಗುತ್ತದೆ.

ಕತ್ತರಿಸಿದ ಗಡಿಯ ಟೂನ್ ಬೆಳಕನ್ನು ಲಾಟೀನಿಗೆ ಮೀಸಲಿಡಿ. ಹುಡುಗಿಯ ಕೈಗೆ ಒಂದು ಆಮ್ನಿ ಲೈಟ್ (ಸುತ್ತಲೂ ಬೆಳಕು ಚೆಲ್ಲುವ ದೀಪ) ಕಟ್ಟಿ, ಲೈಟ್ ಫಂಕ್ಷನ್‌ನಲ್ಲಿ ಡಾಟ್ ಪ್ರಾಡಕ್ಟ್ ಮತ್ತು ಅಟೆನ್ಯುಯೇಷನ್‌ನ (ದೂರ ಹೋದಂತೆ ಬೆಳಕು ಕುಗ್ಗುವ ಪ್ರಮಾಣ) ಗುಣಲಬ್ಧವನ್ನು ಎರಡು ಮೆಟ್ಟಿಲಾಗಿ ಒಡೆಯಿರಿ. ಗಡಿಗೆ ಸ್ಟೆಪ್ ಬದಲು ಸ್ಮೂತ್‌ಸ್ಟೆಪ್ ಬಳಸಿ, 0.02ರಷ್ಟು ಅಂತರ ಸಾಕು, ಅಂಚು ಗರಗಸದಂತೆ ಕಾಣುವುದಿಲ್ಲ. ಈಗ ಮೆತ್ತನೆಯ ಬೂದು ಲೋಕದೊಳಗೆ ಗಟ್ಟಿ ಅಂಚಿನ ಎರಡು ಹಳದಿ ಬಳೆಗಳು ಅವಳೊಂದಿಗೆ ನಡೆಯುತ್ತವೆ. ಲಾಟೀನಿನ ಹೊಳಪಿಗೆ ಗ್ಲೋ ಎಫೆಕ್ಟ್ ನೆಚ್ಚಬೇಡಿ, ಫೋನಿಗೆ ಭಾರ. ಮಧ್ಯೆ ಹಳದಿ, ಅಂಚಿಗೆ ಪಾರದರ್ಶಕವಾದ ಒಂದು ದುಂಡು ಚಿತ್ರವನ್ನು ಬಿಲ್‌ಬೋರ್ಡ್ (ಸದಾ ಕ್ಯಾಮೆರಾದ ಕಡೆ ಮುಖಮಾಡುವ ಹಾಳೆ) ಮಾಡಿ ಹಚ್ಚಿ.

ಹೊರಗೆರೆ ಬೇಕೆನಿಸಿದರೆ ಹುಡುಗಿ ಮತ್ತು ಅವಳು ಮುಟ್ಟಬಲ್ಲ ವಸ್ತುಗಳಿಗೆ ಮಾತ್ರ. ಮೆಟೀರಿಯಲ್‌ನ ನೆಕ್ಸ್ಟ್ ಪಾಸ್‌ನಲ್ಲಿ ಇನ್ನೊಂದು ಮೆಟೀರಿಯಲ್ ಇಟ್ಟು, ಗ್ರೋ 0.02, ಕಲ್ ಮೋಡ್ ಫ್ರಂಟ್, ಬಣ್ಣ ಕಡುಕಂದು. ಮುಗಿಯಿತು.

ಗಾಳಿ

ಮೋಜಿನ ಭಾಗ. ಸಿಲ್ವರ್ ಓಕ್ ಎಲೆಯ ಬೆನ್ನು ಬೆಳ್ಳಿಯ ಬಣ್ಣ. ಗಾಳಿ ಬೀಸಿದಾಗ ಮರ ಬರೀ ಅಲ್ಲಾಡುವುದಿಲ್ಲ, ಬಣ್ಣ ಬದಲಿಸುತ್ತದೆ. ತೋಟದ ಒಂದು ತುದಿಯಿಂದ ಇನ್ನೊಂದಕ್ಕೆ ಬಿಳಿ ಅಲೆ ಓಡಿದಂತೆ. ಶೇಡರ್‌ನಲ್ಲಿ ಕಾಲ ಮತ್ತು ಜಾಗದ ಎಕ್ಸ್ ಬೆಲೆ ಸೇರಿಸಿ ಒಂದು ಸೈನ್ ಅಲೆ ಮಾಡಿ. ಅದನ್ನು ವರ್ಟೆಕ್ಸ್ ಕಲರ್‌ನ ಕೆಂಪಿನಿಂದ ಗುಣಿಸಿ (ಬುಡಕ್ಕೆ 0, ತುದಿಗೆ 1 ಎಂದು ಬ್ಲೆಂಡರ್‌ನಲ್ಲೇ ಬಳಿದಿರಬೇಕು), ಎಲೆಯನ್ನು ಸರಿಸಿ. ಅದೇ ಬೆಲೆ 0.6 ದಾಟಿದಲ್ಲಿ ಹಸಿರಿಗೆ ಬೆಳ್ಳಿ ಬೆರೆಸಿ. ಒಂದೇ ಅಲೆ ಎರಡು ಕೆಲಸ ಮಾಡುವುದರಿಂದ ಚಲನೆ ಮತ್ತು ಬಣ್ಣ ಎಂದೂ ತಪ್ಪುವುದಿಲ್ಲ.

ಮಂಜು ಎರಡು ಬಗೆ

ಚಳಿಗಾಲದ ಬೆಳಿಗ್ಗೆ ಮಂಜು ಗದ್ದೆಯ ತಗ್ಗಿನಲ್ಲಿ ಹಾಲು ಹೊಯ್ದಂತೆ ಕೂತಿರುತ್ತದೆ, ಮೇಲೆ ಬೆಟ್ಟ ಸ್ವಚ್ಛ. ಮಳೆಗಾಲದ್ದು ಹಾಗಲ್ಲ. ಮೋಡವೇ ಇಳಿದು ಮನೆಯ ನಡುವೆ ಹಾದುಹೋಗುತ್ತದೆ. ಮೊದಲನೆಯದಕ್ಕೆ ಎನ್ವಿರಾನ್‌ಮೆಂಟ್‌ನ ಫಾಗ್‌ನಲ್ಲಿ ಎತ್ತರ ಮತ್ತು ಎತ್ತರದ ಸಾಂದ್ರತೆ ಹೊಂದಿಸಿ. ಎರಡನೆಯದಕ್ಕೆ ದೂರದ ಫಾಗ್ ಜೊತೆಗೆ ತೇಲುವ ತೆರೆಗಳು ಬೇಕು. ವಾಲ್ಯುಮೆಟ್ರಿಕ್ ಫಾಗ್ ಫಾರ್ವರ್ಡ್ ಪ್ಲಸ್ ರೆಂಡರರ್‌ಗೆ ಮಾತ್ರ, ನಮಗದು ಇಲ್ಲ. ಹಾಗಾಗಿ ಅಗಲವಾದ ಹಾಳೆಗಳಿಗೆ ನಾಯ್ಸ್ ಟೆಕ್ಸ್‌ಚರ್ (ಮೋಡದಂಥ ಕಲೆಗಳ ಚಿತ್ರ) ಹಾಕಿ, ಸೀಮ್‌ಲೆಸ್ ಆನ್ ಮಾಡಿ, ಅದನ್ನೇ ಎರಡು ಸಲ ಬೇರೆ ಬೇರೆ ವೇಗದಲ್ಲಿ ಸರಿಸಿ ಗುಣಿಸಿ. ಒಂದೇ ವೇಗವಾದರೆ ಕಣ್ಣು ಅದನ್ನು ಸರಿಯುವ ಚಿತ್ರವೆಂದು ಕಂಡುಹಿಡಿಯುತ್ತದೆ. ಹಾಳೆಯ ಅಂಚು ಕಾಣದಂತೆ ಸುತ್ತಲೂ ಆಲ್ಫಾ (ಎಷ್ಟು ಗಟ್ಟಿಯಾಗಿ ಕಾಣಬೇಕೆಂಬ ಬೆಲೆ) ಸೊನ್ನೆಗೆ ಇಳಿಸಿ. ಒಂದು ಹೊತ್ತಿಗೆ ಮೂರು ತೆರೆ ಸಾಕು, ಏಕೆಂದು ಕೊನೆಯಲ್ಲಿ ಹೇಳುತ್ತೇನೆ.

ಮಳೆಯ ಗುಟ್ಟು ಹನಿಯಲ್ಲಿಲ್ಲ

ಹನಿಗಳದ್ದು ಸುಲಭ. ಜಿಪಿಯು ಪಾರ್ಟಿಕಲ್ಸ್ ನೋಡ್ (ಪುಟ್ಟ ಕಣಗಳನ್ನು ಚೆಲ್ಲುವ ಗೊಡೋದ ಭಾಗ), ಕ್ಯಾಮೆರಾದ ಮೇಲೆ 15 ಮೀಟರ್ ಅಗಲದ ಪೆಟ್ಟಿಗೆಯಿಂದ ಸುರಿಯಲಿ, ಕ್ಯಾಮೆರಾದೊಂದಿಗೆ ಚಲಿಸಲಿ, ಲೋಕಲ್ ಕೋಆರ್ಡಿನೇಟ್ಸ್ ಆಫ್. 0.02 ಅಗಲ, 0.6 ಉದ್ದದ ಹಾಳೆ. ಟ್ರಾನ್ಸ್‌ಫಾರ್ಮ್ ಅಲೈನ್‌ನಲ್ಲಿ ಜೆಡ್ ಬಿಲ್‌ಬೋರ್ಡ್ ಮತ್ತು ವೈ ವೇಗದ ಕಡೆಗೆ ಎರಡೂ ಸೇರಿದ ಆಯ್ಕೆ. ನಿಜವಾದ ದಪ್ಪ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ. ಗೇಮಿನಲ್ಲಿ 14 ಕೊಡಿ, 12 ಡಿಗ್ರಿ ಓರೆ ಮಾಡಿ. ಮಳೆ ಕೆಲವು ಕೋನದಲ್ಲಿ ಇದ್ದಕ್ಕಿದ್ದಂತೆ ಮಾಯವಾದರೆ ವಿಸಿಬಿಲಿಟಿ ಎಎಬಿಬಿ (ಕಣಗಳು ಇರುವ ಜಾಗವೆಂದು ಎಂಜಿನ್ ಹಿಡಿಯುವ ಪೆಟ್ಟಿಗೆ) ಚಿಕ್ಕದಾಗಿದೆ ಎಂದರ್ಥ, ಹಿಗ್ಗಿಸಿ. ನೆಲದ ಮೇಲೆ ಚಿಮ್ಮುವ ಉಂಗುರಕ್ಕೆ ಕೈಯಲ್ಲಿ ಬಿಡಿಸಿದ ನಾಲ್ಕು ಚಿತ್ರಗಳ ಫ್ಲಿಪ್‌ಬುಕ್ (ಒಂದಾದ ಮೇಲೊಂದು ತೋರಿಸುವ ಚಿತ್ರಗಳು), ಆಯುಷ್ಯ 0.33 ಸೆಕೆಂಡ್. ಅಂದರೆ ಸೆಕೆಂಡಿಗೆ 12 ಚಿತ್ರ. ಕೈಯಲ್ಲಿ ಬಿಡಿಸಿದ ಆನಿಮೇಷನ್‌ನ ಹಳೆಯ ಲೆಕ್ಕ ಅದು.

ಇಷ್ಟು ಮಾಡಿಯೂ ನನ್ನ ಮಳೆ ಎಲ್ಲಿಯ ಮಳೆಯೋ ಆಗಿತ್ತು, ಕೊಡಗಿನದಾಗಿರಲಿಲ್ಲ. ಐಮರದ ಮೇಲೆ ಕಾಲು ಮಡಚಿ ಕೂತು ಅರ್ಧ ಗಂಟೆ ನೋಡಿದೆ. ಕೂತವರಿಗೆ ಹನಿ ಕಾಣುವುದೇ ಇಲ್ಲ. ಕಾಣುವುದು ಸೂರಿನ ನೀರು. ಹಂಚಿನ ಪ್ರತಿ ತಗ್ಗಿನಿಂದಲೂ ಒಂದೊಂದು ದಾರ, ಮಣಿಪರದೆಯಂತೆ. ಅದಕ್ಕೆ ಪಾರ್ಟಿಕಲ್ ಬೇಡ. ಸೂರಿನ ಹಂಚಿಗೊಂದರಂತೆ ತೆಳು ಹಾಳೆ ಇಳಿಬಿಟ್ಟು, ಕಡಿದು ಕಡಿದು ಬರೆದ ಬಿಳಿ ಗೆರೆಯ ಟೆಕ್ಸ್‌ಚರ್ ಅನ್ನು ಕೆಳಮುಖವಾಗಿ ಓಡಿಸಿ. ಪ್ರತಿ ಹಾಳೆಗೂ ಬೇರೆ ಆರಂಭ ಬಿಂದು. ಮಳೆ ಜೋರಾದಾಗ ಕಡಿದ ಗೆರೆ ಕೂಡಿಕೊಳ್ಳಲಿ, ನಿಂತ ಮೇಲೂ ಒಂದು ನಿಮಿಷ ತೊಟ್ಟಿಕ್ಕುತ್ತಿರಲಿ.

ಮಾಯೆ: ದಶಮಂಟಪದ ಲೆಕ್ಕ

ಹೊಡೆತದ ಎಫೆಕ್ಟ್ ಕಲಿಯಲು ವಿಡಿಯೋ ಪಾಠಕ್ಕಿಂತ ಒಳ್ಳೆಯ ಜಾಗ ನಮ್ಮಲ್ಲೇ ಇದೆ, ವಿಜಯದಶಮಿಯ ರಾತ್ರಿಯ ಮಡಿಕೇರಿ, ಅಲ್ಲಿ ಚಲಿಸುವ ಮೂರ್ತಿಗಳ ಹತ್ತು ಮಂಟಪಗಳು ಮೆರವಣಿಗೆ ಹೊರಡುತ್ತವೆ. ಮಂಟಪದಲ್ಲಿ ಅಸುರನ ಸಂಹಾರವಾಗುವ ಮೊದಲು ಏನಾಗುತ್ತದೆ ಗಮನಿಸಿ. ದೀಪ ತಗ್ಗುತ್ತದೆ, ಹೊಗೆ ಏಳುತ್ತದೆ, ಮೂರ್ತಿ ಒಂದಿಷ್ಟು ಹಿಂದಕ್ಕೆ ವಾಲುತ್ತದೆ. ಆಮೇಲೆ ಒಂದೇ ಏಟಿಗೆ ಬೆಳಕು. ಹೊಗೆ ಮಾತ್ರ ಬಹಳ ಹೊತ್ತು ಉಳಿಯುತ್ತದೆ. ಇದನ್ನೇ ಒಂದು ಸೆಕೆಂಡಿಗೆ ಕುಗ್ಗಿಸಿ: 0.2 ಸೆಕೆಂಡ್ ಸಿದ್ಧತೆ, 0.1 ಸೆಕೆಂಡ್ ಸ್ಫೋಟ, 0.7 ಸೆಕೆಂಡ್ ಕರಗುವಿಕೆ. ಸಿದ್ಧತೆಯಲ್ಲಿ ಲಾಟೀನು ಮಂಕಾಗಲಿ, ನೇರಳೆ ಚುಕ್ಕೆಗಳು ಅಂಗೈಯ ಕಡೆಗೆ ಸೆಳೆದುಕೊಳ್ಳಲಿ. ಸ್ಫೋಟದಲ್ಲಿ ದೊಡ್ಡದೊಂದು ಆಕಾರ, ಇಂಬಳಕ್ಕೆ ತಗುಲಿದ ಕ್ಷಣ ಎರಡು ಫ್ರೇಮ್ ಆಟ ನಿಲ್ಲಲಿ. ಕರಗುವಾಗ ಮಸುಕಾಗಿಸಬೇಡಿ, ಸ್ಕೇಲ್ ಕರ್ವ್‌ನಲ್ಲಿ ಕುಗ್ಗಿಸಿ, ಇಲ್ಲವೇ ನಾಯ್ಸ್ ಬೆಲೆ ಏರುವ ಗಡಿಗಿಂತ ಕಡಿಮೆಯಾದ ಪಿಕ್ಸೆಲ್‌ಗಳನ್ನು ಡಿಸ್ಕಾರ್ಡ್ ಮಾಡಿ ಹುಳು ತಿಂದಂತೆ ಕರಗಿಸಿ. ಗಟ್ಟಿ ಅಂಚಿನ ಶೈಲಿಗೆ ಇದೇ ಹೊಂದುವುದು.

ಒಂದು ಎಚ್ಚರಿಕೆ. ಎಫೆಕ್ಟ್‌ಗಳಿಗೆಲ್ಲ ಆಡ್ ಬ್ಲೆಂಡ್ ಹಾಕುವುದು ರೂಢಿ. ಅದು ಹಿನ್ನೆಲೆಯ ಬಣ್ಣಕ್ಕೆ ತನ್ನ ಬಣ್ಣ ಕೂಡಿಸುತ್ತದೆ. ಕತ್ತಲಲ್ಲಿ ಮಿನುಗುತ್ತದೆ, ಮಂಜಿನ ಬಿಳಿಯ ಮೇಲೆ ಸತ್ತುಹೋಗುತ್ತದೆ. ಕಡುನೇರಳೆಯಂತೂ ಕಾಣುವುದೇ ಇಲ್ಲ. ಮಿಕ್ಸ್ ಬ್ಲೆಂಡ್ ಬಳಸಿ, ಹಿಂದೆ ಕಡುನೇರಳೆ ಆಕಾರ, ಮುಂದೆ ಅದಕ್ಕಿಂತ ಚಿಕ್ಕದಾದ ತಿಳಿನೇರಳೆ. ಆಡ್ ಅನ್ನು ಮಿಂಚುಹುಳಕ್ಕೆ ಇಟ್ಟುಕೊಳ್ಳಿ. ಆದರೆ ಅವು ಮುಂಗಾರು ಹಿಡಿಯುವ ಹೊತ್ತಿನವು, ಕಕ್ಕಡದ ಜಡಿಮಳೆಯಲ್ಲಿ ತಂದು ಹಾರಿಸಿದರೆ ಊರವರು ನಗುತ್ತಾರೆ.

ಫೋನಿನಲ್ಲಿ ಓಡಿಸಿ ನೋಡುವುದು

ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದು ಫ್ರೇಮಿಗೆ 16.6 ಮಿಲಿಸೆಕೆಂಡ್, 30 ಸಾಕೆಂದರೆ 33.3. ಇಂಥ ಗೇಮಿನಲ್ಲಿ ಕಾಲ ತಿನ್ನುವುದು ಮಾಡೆಲಿನ ತ್ರಿಕೋನಗಳಲ್ಲ, ಒಂದರ ಮೇಲೊಂದು ಬಿದ್ದ ಪಾರದರ್ಶಕ ಹಾಳೆಗಳು. ಮೂರು ಮಂಜು ತೆರೆ, ಮಳೆ, ಸೂರಿನ ನೀರು, ಮಾಯೆ ಎಲ್ಲವೂ ಒಂದೇ ಪಿಕ್ಸೆಲ್ ಮೇಲೆ ಬಂದರೆ ಅದನ್ನು ಆರು ಸಲ ಬಳಿದಂತಾಯಿತು. ಮಂಜಿನ ತೆರೆಗೆ ಮಿತಿ ಹಾಕಿದ್ದು ಇದಕ್ಕೇ. ಪರೀಕ್ಷೆಗೆ ಹೊಸ ಫೋನು ಬೇಡ, ಮನೆಯಲ್ಲಿ ಬಿದ್ದಿರುವ ಹಳೆಯದನ್ನೇ ತೆಗೆಯಿರಿ. ಮತ್ತೆ, ದಿನಕ್ಕೊಮ್ಮೆ ಕಡ್ಡಾಯವಾಗಿ ಗಿಟ್ ಕಮಿಟ್ (ಅಂದಿನ ಕೆಲಸದ ಪ್ರತಿಯನ್ನು ಉಳಿಸುವುದು) ಮಾಡಿ. ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದ ಊರಿನಲ್ಲಿ, ಉಳಿಸದ ಫೈಲು ಎಂದರೆ ಏನೆಂದು ನನಗೆ ಒಮ್ಮೆ ಗೊತ್ತಾಗಿದೆ.

ಎಲ್ಲ ಮುಗಿಯಿತೆಂದುಕೊಂಡು ಪಕ್ಕದ ಮನೆಯ ಅಜ್ಜಿಗೆ ತೋರಿಸಿದೆ. ಅವರು ಗೇಮನ್ನು ಆಡಲಿಲ್ಲ. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಸೂರಿನ ನೀರು ಬೀಳ್ತದೆ, ಕುಳಿ ಎಲ್ಲಿ?" ಎಂದರು. ಹೌದಲ್ಲ, ವರ್ಷಗಟ್ಟಲೆ ನೀರು ಬಿದ್ದ ಕಡೆ ಅಂಗಳದಲ್ಲಿ ಸಾಲಾಗಿ ಪುಟ್ಟ ಕುಳಿಗಳಿರುತ್ತವೆ, ಒಳಗೆ ಬೆಣಚುಕಲ್ಲಿನ ಚೂರು ತೊಳೆದು ಬೆಳ್ಳಗಿರುತ್ತದೆ. ಸೂರಿನ ದಾರಗಳ ಬುಡಕ್ಕೆ ಒಂದೊಂದು ಕಡುಗಂದು ಅಂಡಾಕಾರ, ನಡುವೆ ಸುಣ್ಣದ ಬಣ್ಣದ ಎರಡು ಚುಕ್ಕೆ, ಎಲ್ಲ ಸೇರಿ ಒಂದೇ ಉದ್ದನೆಯ ಹಾಳೆ. ನೆಲದಿಂದ ಒಂದು ಸೆಂಟಿಮೀಟರ್ ಮೇಲೆತ್ತಿ ಇಡಿ, ನೆಲದೊಂದಿಗೆ ಕಾದಾಡಿ ಮಿಣುಕುವುದಿಲ್ಲ.